ಮಧ್ಯಯುಗದ ಇಂಗ್ಲೆಂಡಿನ ಕುಲೀನ ಮನೆತನಗಳು: ಹೆತ್ತವರ ಗುರುತಿನ ಶೋಧ

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. 1485ರಲ್ಲಿ ಬಾಸ್ವರ್ತ್ ಕದನ ನಡೆಯಿತು. ಈ ನಡುವಿನ ನಾಲ್ಕು ಶತಮಾನಗಳ ಅರ್ಲ್, ಬ್ಯಾರನ್, ನೈಟ್ ಮನೆತನಗಳ ವಂಶಾವಳಿಗಳನ್ನು ಬಿಡಿಸಿ ನೋಡಿದರೆ ಅಲ್ಲಲ್ಲಿ ಖಾಲಿ ಜಾಗಗಳು ಕಾಣುತ್ತವೆ. ಮಗನ ಹೆಸರಿದೆ, ತಾಯಿಯ ಹೆಸರಿಲ್ಲ. ಹೆಂಡತಿಯ ಹೆಸರಿದೆ, ಅವಳ ತವರು ತಿಳಿಯದು. ಒಂದೇ ಹೆಸರಿನ ಇಬ್ಬರಿದ್ದಾರೆ, ಅವರು ಅಪ್ಪ ಮಗನೋ ದಾಯಾದಿಗಳೋ ಗೊತ್ತಿಲ್ಲ. ಇಂಥ ಸಂದಿಗ್ಧ ಸಂಬಂಧಗಳನ್ನು ಭೂದಾಖಲೆ, ಮಠಗಳ ದಾನಪತ್ರ, ನ್ಯಾಯಾಲಯದ ಕಡತ, ಸಮಾಧಿ, ಲಾಂಛನ ಮತ್ತು ಈಚೆಗೆ ಡಿಎನ್‌ಎ ನೆರವಿನಿಂದ ಗೊತ್ತುಮಾಡುವುದು ವಂಶಾವಳಿ ಶಾಸ್ತ್ರದ ಬಹು ಕಷ್ಟದ ಕೆಲಸಗಳಲ್ಲಿ ಒಂದು. ಈ ಶೋಧದ ಅನುಭವ ಕಲಿಸಿದ ಪಾಠ ಮುಖ್ಯವಾಗಿ ಒಂದೇ. ಕುಲದ ಹಿರಿಮೆ ಸಾರಲೆಂದೇ ಬರೆದದ್ದಕ್ಕಿಂತ, ಬೇರಾವುದೋ ಕೆಲಸಕ್ಕೆ ಬರೆದ ಕಾಗದದಲ್ಲಿ ತಾನಾಗಿ ಬಂದ ಒಂದು ಮಾತು ಹೆಚ್ಚು ನಂಬಿಕೆಗೆ ಅರ್ಹ.

ಸಂದಿಗ್ಧತೆಯ ಕಾರಣಗಳು

ಇಂಗ್ಲೆಂಡಿನ ಚರ್ಚುಗಳಲ್ಲಿ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಅದಕ್ಕೂ ಹಿಂದೆ ಹುಟ್ಟನ್ನು ದಾಖಲಿಸುವ ಸಾರ್ವತ್ರಿಕ ಪದ್ಧತಿಯೇ ಇರಲಿಲ್ಲ. ಮನೆತನದ ಹೆಸರು ಕೂಡ ನೆಲೆಗೊಂಡಿರಲಿಲ್ಲ. ಒಬ್ಬನೇ ವ್ಯಕ್ತಿ ಒಂದು ಪತ್ರದಲ್ಲಿ ತಂದೆಯ ಹೆಸರಿನಿಂದ, ಇನ್ನೊಂದರಲ್ಲಿ ಊರಿನ ಹೆಸರಿನಿಂದ, ಮತ್ತೊಂದರಲ್ಲಿ ಹುದ್ದೆಯ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಸಾಲದ್ದಕ್ಕೆ ವಿಲಿಯಂ, ರಾಬರ್ಟ್, ರಾಲ್ಫ್ ಎಂಬ ಕೆಲವೇ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುತ್ತಿದ್ದವು. ಸರ್ರೆಯ ಅರ್ಲ್‌ಗಳಾದ ವಾರೆನ್ ಮನೆತನದಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ವಿಲಿಯಂ.

ಲ್ಯಾಟಿನ್ ನೆಂಟಸ್ತಿಕೆಯ ಪದಗಳು ಇನ್ನೊಂದು ತೊಡಕು. ನೆಪೋಸ್ ಎಂದರೆ ಮೊಮ್ಮಗನೂ ಆಗಬಹುದು, ಸೋದರಳಿಯನೂ ಆಗಬಹುದು. ಆದರೆ ಅವಂಕ್ಯುಲಸ್ ಎಂಬ ಪದದ ಮೂಲಾರ್ಥ ತಾಯಿಯ ಸೋದರ; ತಂದೆಯ ಸೋದರನಿಗೆ ಪತ್ರೂಸ್ ಎಂಬ ಬೇರೆಯೇ ಪದವಿದೆ. ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಶಬ್ದದಲ್ಲಿ ಕರಗಿಹೋಗುತ್ತವೆ. ಸೋದರಮಾವನನ್ನೂ ಚಿಕ್ಕಪ್ಪ ದೊಡ್ಡಪ್ಪಂದಿರನ್ನೂ ಬೇರೆಬೇರೆಯಾಗಿ ಕರೆಯುವ ಕನ್ನಡಿಗರಿಗೆ ಈ ಭೇದದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನ ಬರಹಗಾರರು ಎಲ್ಲ ಕಡೆಯೂ ಇದನ್ನು ಬಿಗಿಯಾಗಿ ಪಾಲಿಸಲಿಲ್ಲ. ಪಾಲಿಸಿದಲ್ಲಿ ಮಾತ್ರ ಆ ಒಂದು ಪದವೇ ತಾಯಿಯ ತವರಿಗೆ ದಾರಿ ತೋರಿಸುತ್ತದೆ.

ಈ ಎಲ್ಲದರಲ್ಲಿ ಹೆಚ್ಚು ಮರೆಯಾದವರು ಹೆಂಗಸರು. ಭೂಮಿ ಮಗನಿಗೆ ಇಳಿಯುತ್ತಿದ್ದುದರಿಂದ ತಂದೆಯ ಹೆಸರು ಕಡತದಲ್ಲಿ ಉಳಿಯಿತು. ತಾಯಿ ಬಳುವಳಿಯಾಗಿ ಭೂಮಿ ತಂದಿದ್ದರಷ್ಟೇ ಅವಳ ಹೆಸರಿಗೆ ಜಾಗ ಸಿಕ್ಕಿತು. ದೊರೆ 1ನೇ ಹೆನ್ರಿ ತನ್ನವರೆಂದು ಒಪ್ಪಿಕೊಂಡ ಅನೌರಸ ಮಕ್ಕಳು ಇಪ್ಪತ್ತಕ್ಕೂ ಹೆಚ್ಚು. ಅವರಲ್ಲಿ ಹಲವರ ತಾಯಂದಿರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಕಾನೂನಿನ ಹಿನ್ನೆಲೆ

ಹುಟ್ಟಿನ ಪ್ರಶ್ನೆ ಅಂದಿನವರಿಗೆ ಮಾನದ ಪ್ರಶ್ನೆಯಷ್ಟೇ ಆಗಿರಲಿಲ್ಲ, ಆಸ್ತಿಯ ಪ್ರಶ್ನೆಯೂ ಆಗಿತ್ತು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಹಿರಿಯ ಮಗ ಇಡೀ ಭೂಮಿಗೆ ವಾರಸುದಾರ. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳಿಗೆ ಸಮಪಾಲು. ಮದುವೆಯ ಹೊರಗೆ ಹುಟ್ಟಿದವನು ಯಾರ ಮಗನೂ ಅಲ್ಲ ಎಂಬುದು ಕಾನೂನಿನ ಮಾತು. ತಂದೆ ಪ್ರೀತಿಯಿಂದ ಭೂಮಿ ಕೊಡಬಹುದಿತ್ತು, ಆದರೆ ವಾರಸು ಹಕ್ಕು ಇರಲಿಲ್ಲ. ಮದುವೆಯಾದ ಹೆಂಗಸಿಗೆ ಹುಟ್ಟಿದ ಮಗುವನ್ನು, ಗಂಡ ನಾಲ್ಕು ಕಡಲುಗಳ ಒಳಗೆ, ಅಂದರೆ ದೇಶದಲ್ಲೇ ಇದ್ದನೆಂದಾದರೆ, ಅವನದೇ ಎಂದು ಎಣಿಸಲಾಗುತ್ತಿತ್ತು.

ತಂದೆತಾಯಿ ಮಗು ಹುಟ್ಟಿದ ಮೇಲೆ ಮದುವೆಯಾದರೆ ಆ ಮಗು ಔರಸವಾಗುತ್ತದೆ ಎಂಬುದು ಚರ್ಚಿನ ಕಾನೂನು. 1236ರಲ್ಲಿ ಮರ್ಟನ್‌ನಲ್ಲಿ ಸೇರಿದ ಸಭೆಯಲ್ಲಿ ಬಿಷಪ್‌ಗಳು ಇದನ್ನೇ ನಾಡಿನ ಕಾನೂನಾಗಿಸಬೇಕೆಂದರು. ಇಂಗ್ಲೆಂಡಿನ ಕಾನೂನನ್ನು ಬದಲಿಸಲು ತಾವು ಒಪ್ಪುವುದಿಲ್ಲವೆಂದು ಬ್ಯಾರನ್‌ಗಳು ತಿರಸ್ಕರಿಸಿದರು. ಆ ನಿಲುವು 1926ರ ಕಾಯಿದೆಯವರೆಗೂ ಉಳಿಯಿತು. ಇದರಿಂದ ಒಬ್ಬನೇ ಮನುಷ್ಯ ಚರ್ಚಿನ ಕಣ್ಣಿನಲ್ಲಿ ಔರಸ, ಭೂಮಿಯ ನ್ಯಾಯಾಲಯದಲ್ಲಿ ಅನೌರಸ ಆಗುವ ಸ್ಥಿತಿ ಬಂತು.

ಜಾನ್ ಆಫ್ ಗಾಂಟ್ ಮತ್ತು ಕ್ಯಾಥರೀನ್ ಸ್ವಿನ್‌ಫರ್ಡ್ 1396ರಲ್ಲಿ ಮದುವೆಯಾಗುವ ಹೊತ್ತಿಗೆ ಅವರ ನಾಲ್ಕು ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಬೋಫರ್ಟ್ ಎಂಬ ಹೆಸರಿನ ಈ ಮಕ್ಕಳನ್ನು 1397ರಲ್ಲಿ ಪಾರ್ಲಿಮೆಂಟ್ ಮತ್ತು 2ನೇ ರಿಚರ್ಡ್ ಔರಸರೆಂದು ಘೋಷಿಸಬೇಕಾಯಿತು. 1407ರಲ್ಲಿ 4ನೇ ಹೆನ್ರಿ ಆ ಘೋಷಣೆಯನ್ನು ಎತ್ತಿಹಿಡಿಯುತ್ತಲೇ ರಾಜಪದವಿಯೊಂದನ್ನು ಹೊರತುಪಡಿಸಿದ. ಆದರೂ 1485ರಲ್ಲಿ ಸಿಂಹಾಸನವೇರಿದ 7ನೇ ಹೆನ್ರಿ ತನ್ನ ತಾಯಿ ಮಾರ್ಗರೆಟ್ ಬೋಫರ್ಟ್ ಮೂಲಕ ಈ ಕುಡಿಗೇ ಸೇರಿದವನು.

ಆಕರಗಳು

ಶೋಧಕರು ಮೊದಲು ನೋಡುವುದು ಸರಕಾರಿ ಕಡತಗಳನ್ನು. 1086ರ ಡೂಮ್ಸ್‌ಡೇ ಗ್ರಂಥ ಯಾರ ಕೈಯಲ್ಲಿ ಯಾವ ಭೂಮಿ ಇತ್ತೆಂದು ಹೇಳುತ್ತದೆ. ದೊರೆಗೆ ಬರಬೇಕಾದ ಹಣದ ವಾರ್ಷಿಕ ಲೆಕ್ಕವಾದ ಪೈಪ್ ಸುರುಳಿಗಳಲ್ಲಿ ಉಳಿದಿರುವ ಮೊದಲನೆಯದು 1129–30ರದು. 1185ರಲ್ಲಿ 2ನೇ ಹೆನ್ರಿಯ ಅಧಿಕಾರಿಗಳು ಹನ್ನೆರಡು ಕೌಂಟಿಗಳಲ್ಲಿ ದೊರೆಯ ಹಿಡಿತದಲ್ಲಿದ್ದ ವಿಧವೆಯರ ಮತ್ತು ತಬ್ಬಲಿ ವಾರಸುದಾರರ ಪಟ್ಟಿ ಮಾಡಿದರು. ವಿಧವೆಗೆ ಎಷ್ಟು ವಯಸ್ಸು, ಎಷ್ಟು ಮಕ್ಕಳು, ಅವಳ ಭೂಮಿಯ ಬೆಲೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಅವರ ಮರುಮದುವೆಯ ಹಕ್ಕನ್ನು ಹಣ ಮಾಡಿಕೊಳ್ಳುವುದು ದೊರೆಯ ಉದ್ದೇಶ. ಕುಟುಂಬಗಳ ಒಳಚಿತ್ರ ಉಳಿದದ್ದು ಇತಿಹಾಸಕ್ಕಾದ ಲಾಭ.

13ನೇ ಶತಮಾನದಿಂದ ಮರಣೋತ್ತರ ವಿಚಾರಣೆಯ ವರದಿಗಳು ಸಿಗುತ್ತವೆ. ದೊರೆಯಿಂದ ನೇರವಾಗಿ ಭೂಮಿ ಪಡೆದವನು ಸತ್ತಾಗ ಊರಿನ ಪಂಚರು ಪ್ರಮಾಣ ಮಾಡಿ ಅವನ ವಾರಸುದಾರ ಯಾರು, ವಯಸ್ಸೆಷ್ಟು ಎಂದು ಹೇಳುತ್ತಿದ್ದರು. ವಯಸ್ಸು ಹಲವು ಬಾರಿ "ಮೂವತ್ತು ಮತ್ತು ಅದಕ್ಕೂ ಹೆಚ್ಚು" ಎಂಬ ಅಂದಾಜಿನದು. ಅಪ್ರಾಪ್ತನಾಗಿದ್ದ ವಾರಸುದಾರ ಇಪ್ಪತ್ತೊಂದು ತುಂಬಿಸಿದನೆಂದು ಸಾಬೀತಾಗಬೇಕಾದಾಗ ಸಾಕ್ಷಿದಾರರು ಆ ಮಗು ಹುಟ್ಟಿದ ದಿನವನ್ನು ತಮ್ಮ ಬದುಕಿನ ಘಟನೆಗೆ ಗಂಟುಹಾಕಿ ನೆನೆಯುತ್ತಿದ್ದರು. ಒಬ್ಬನಿಗೆ ಅದು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡ ದಿನ. ಇನ್ನೊಬ್ಬನಿಗೆ ಮಗಳು ಹುಟ್ಟಿದ ವಾರ. ಮುಂದೆ ಇದೇ ಮಾತುಗಳು ಬೇರೆಬೇರೆ ಊರಿನ ದಾಖಲೆಗಳಲ್ಲಿ ಅಚ್ಚುಹಾಕಿದಂತೆ ಮರಳಿ ಬರುವುದರಿಂದ ಇವನ್ನೂ ಎಚ್ಚರದಿಂದ ಓದಬೇಕು.

ಎರಡನೆಯ ದೊಡ್ಡ ಆಕರ ಮಠಗಳದು. ಭೂಮಿ ದಾನ ಕೊಟ್ಟವರು ಯಾರಯಾರ ಆತ್ಮದ ಒಳಿತಿಗಾಗಿ ಕೊಟ್ಟರೆಂದು ದಾನಪತ್ರದಲ್ಲಿ ಹೇಳುವುದು ರೂಢಿ. ಮಠದವರು ತೀರಿಕೊಂಡ ದಾನಿಗಳ ಹೆಸರನ್ನೂ ಬರೆದಿಟ್ಟರು. ವೇಲ್ಸ್‌ನ ಅರಸ ಲ್ಲುವೆಲಿನ್‌ನ ಮಡದಿ, ದೊರೆ ಜಾನ್‌ನ ಅನೌರಸ ಮಗಳು ಜೋನ್ 1237ರಲ್ಲಿ ತೀರಿಕೊಂಡಳು. ಅವಳ ತಾಯಿಯ ಹೆಸರು ಕ್ಲೆಮೆನ್ಸ್ ಎಂದು ನಮಗೆ ತಿಳಿದಿರುವುದು ಟ್ಯೂಕ್ಸ್‌ಬರಿ ಮಠದ ವಾರ್ಷಿಕ ವೃತ್ತಾಂತದಲ್ಲಿ ಅವಳ ಸಾವಿನ ಸುದ್ದಿಗೆ ಸೇರಿಸಿದ ಮಾತಿನಿಂದ. ಆ ಕ್ಲೆಮೆನ್ಸ್ ಯಾವ ಮನೆಯವಳೆಂಬುದಕ್ಕೆ ಒಪ್ಪಿತವಾದ ಉತ್ತರವಿಲ್ಲ.

ಶೋಧದ ವಿಧಾನ

ಮೊದಲ ಸೂತ್ರ ಭೂಮಿಯ ಜಾಡು ಹಿಡಿಯುವುದು. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಟ್ಟ ಬಳುವಳಿ ಭೂಮಿ ಅವಳ ಮಕ್ಕಳಿಗೆ ಇಳಿಯುತ್ತಿತ್ತು. ಒಂದು ತಲೆಮಾರಿನಲ್ಲಿ ಬೇರೊಂದು ಮನೆತನದ್ದಾಗಿದ್ದ ಊರು ಮುಂದಿನ ತಲೆಮಾರಿನಲ್ಲಿ ಈ ಮನೆತನದ ಕೈಗೆ ಬಂದಿದ್ದರೆ, ಖರೀದಿಯೋ ದಾನವೋ ನಡೆದ ಸುಳಿವಿಲ್ಲದಿದ್ದರೆ, ನಡುವೆ ಒಂದು ಮದುವೆ ಇತ್ತೆಂದು ಊಹಿಸಬಹುದು.

ಎರಡನೆಯದು ಕಾಲದ ಲೆಕ್ಕ. ತಾಯಿ ಮಗುವಿನ ವಯಸ್ಸುಗಳು ಹೊಂದುತ್ತವೆಯೇ, ಗಂಡ ಆಗ ಬದುಕಿದ್ದನೇ ಎಂಬ ಸರಳ ಪ್ರಶ್ನೆಗಳ ಮುಂದೆ ಎಷ್ಟೋ ವಂಶಾವಳಿಗಳು ಬಿದ್ದುಹೋಗಿವೆ. ಮೂರನೆಯದು ನಾಮಕರಣದ ರೂಢಿ. ಮನೆತನಕ್ಕೆ ಹೊಸದಾದ ಹೆಸರೊಂದು ಮಗುವಿಗೆ ಬಂದರೆ ಅದು ತಾಯಿಯ ತವರಿನದಾಗಿರಬಹುದು. ಇದು ಸುಳಿವು ಮಾತ್ರ, ಪುರಾವೆಯಲ್ಲ. ನಾಲ್ಕನೆಯದು ಗುರಾಣಿಯ ಮೇಲಿನ ಲಾಂಛನ.

ಐದನೆಯದು ಮದುವೆಗೆ ಬಂದ ಆಕ್ಷೇಪ. ಚರ್ಚು ಏಳು ತಲೆಮಾರಿನವರೆಗಿನ ರಕ್ತಸಂಬಂಧದಲ್ಲಿ ಮದುವೆಯನ್ನು ನಿಷೇಧಿಸಿತ್ತು. 1215ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿತು. ಸೋದರಮಾವನ ಮಗಳನ್ನು ತರುವುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಕ್ಕಿನ ಸಂಬಂಧ. ಅಲ್ಲಿ ಅದು ಘೋರ ಅಪರಾಧ. ಹಾಗಾಗಿ ಯಾವ ಮದುವೆಗೆ ಆಕ್ಷೇಪ ಬಂತು, ಯಾವುದಕ್ಕೆ ಬರಲಿಲ್ಲ, ಬಂದಾಗ ಎಷ್ಟನೇ ತಲೆಮಾರಿನ ನೆಂಟಸ್ತಿಕೆ ಹೇಳಿದರು ಎಂಬುದೆಲ್ಲ ಸಾಕ್ಷ್ಯವಾಗುತ್ತದೆ.

ಗುಂದ್ರಾದಾ: ರಾಜಕುಮಾರಿಯಲ್ಲದ ಅರ್ಲ್ ಪತ್ನಿ

ಸಸೆಕ್ಸ್‌ನ ಲೂಯಿಸ್ ಪಟ್ಟಣದ ಸೌತ್‌ಓವರ್ ಚರ್ಚಿನಲ್ಲಿ ಟೂರ್ನೆಯ ಕಪ್ಪು ಶಿಲೆಯ ಸಮಾಧಿ ಫಲಕವೊಂದಿದೆ. ಎಲೆಬಳ್ಳಿಯ ಕೆತ್ತನೆಯ ಸುತ್ತಲೂ ನಡುವೆಯೂ ಲ್ಯಾಟಿನ್ ಪದ್ಯ ಹರಿದಿದೆ. ಅದು ವಾರೆನ್ ಮನೆತನದ ಮೊದಲ ಅರ್ಲ್ ವಿಲಿಯಂನ ಹೆಂಡತಿ ಗುಂದ್ರಾದಾಳದು. ಗಂಡಹೆಂಡಿರು ಸೇರಿ ಲೂಯಿಸ್‌ನಲ್ಲಿ ಇಂಗ್ಲೆಂಡಿನ ಮೊದಲ ಕ್ಲೂನಿ ಪಂಥದ ಮಠ ಕಟ್ಟಿಸಿದರು. ಗುಂದ್ರಾದಾ 1085ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. 16ನೇ ಶತಮಾನದಲ್ಲಿ ಮಠಗಳನ್ನು ಮುಚ್ಚಿಸಿದ ಮೇಲೆ ಫಲಕ ಇಸ್‌ಫೀಲ್ಡ್ ಚರ್ಚಿಗೆ ಸೇರಿ ಬೇರೊಬ್ಬರ ಸಮಾಧಿಯ ಭಾಗವಾಯಿತು. 18ನೇ ಶತಮಾನದಲ್ಲಿ ಗುರುತು ಸಿಕ್ಕಿ ಮರಳಿತು. 1845ರಲ್ಲಿ ಮಠದ ನೆಲದ ಮೇಲೆ ರೈಲುದಾರಿ ಹಾಕಲು ಅಗೆಯುವಾಗ ದಂಪತಿಯ ಎಲುಬುಗಳಿದ್ದ ಎರಡು ಸೀಸದ ಪೆಟ್ಟಿಗೆಗಳು ಹೊರಬಂದವು. ಅವುಗಳ ಮೇಲೆ ಇಬ್ಬರ ಹೆಸರೂ ಇತ್ತು.

ಫಲಕದ ಪದ್ಯ ಅವಳನ್ನು ಡ್ಯೂಕರ ಕುಲದ ಕುಡಿ ಎನ್ನುತ್ತದೆ. ಲೂಯಿಸ್ ಮಠದ ಪತ್ರವೊಂದು ರಾಣಿ ಮಟಿಲ್ಡಾಳನ್ನು ಅವಳ ತಾಯಿ ಎನ್ನುತ್ತದೆ. ಇದರಿಂದ ಅವಳು ಮಟಿಲ್ಡಾಳ ಗಂಡ, ಇಂಗ್ಲೆಂಡನ್ನು ಗೆದ್ದ ದೊರೆ ವಿಲಿಯಂನ ಮಗಳೆಂದು, ಇಲ್ಲವೇ ಮಟಿಲ್ಡಾಳ ಹಿಂದಿನ ಮದುವೆಯ ಮಗಳೆಂದು ಶತಮಾನಗಳ ಕಾಲ ನಂಬಲಾಯಿತು.

ಈ ನಂಬಿಕೆಯನ್ನು ಕೆಡವಿದ್ದು ಯಾರದೋ ಮದುವೆ ತಪ್ಪಿಸಲು ಬರೆದ ಒಂದು ಪತ್ರ. ಆ ವಿಲಿಯಂ ಮಟಿಲ್ಡಾರ ಮಗ 1ನೇ ಹೆನ್ರಿ ತನ್ನ ಅನೌರಸ ಮಗಳೊಬ್ಬಳನ್ನು ಗುಂದ್ರಾದಾಳ ಮಗ 2ನೇ ವಿಲಿಯಂ ಡಿ ವಾರೆನ್‌ಗೆ ಕೊಡಲು ಯೋಚಿಸಿ ಆರ್ಚ್‌ಬಿಷಪ್ ಆನ್ಸೆಲ್ಮ್‌ನ ಅಭಿಪ್ರಾಯ ಕೇಳಿದ. ಇವರಿಬ್ಬರೂ ಒಂದು ಕಡೆಯಿಂದ ನಾಲ್ಕನೆಯ, ಇನ್ನೊಂದು ಕಡೆಯಿಂದ ಆರನೆಯ ತಲೆಮಾರಿನಲ್ಲಿ ನೆಂಟರು, ಆದ್ದರಿಂದ ಮದುವೆ ಕೂಡದು ಎಂದು ಆನ್ಸೆಲ್ಮ್ ಉತ್ತರಿಸಿದ. ಗುಂದ್ರಾದಾ ಹೆನ್ರಿಯ ಅಕ್ಕನಾಗಿದ್ದರೆ, ತಾಯಿಯೊಬ್ಬಳೇ ಆಗಿ ತಂದೆ ಬೇರೆಯಾಗಿದ್ದರೂ, ಹೆನ್ರಿ ಆ ವರನಿಗೆ ಸೋದರಮಾವನಾಗಬೇಕಿತ್ತು. ಸೋದರಮಾವನ ಮಗಳೆಂಬ ಕಣ್ಣೆದುರಿನ ನಂಟನ್ನು ಬಿಟ್ಟು ಆರ್ಚ್‌ಬಿಷಪ್ ಆರನೆಯ ತಲೆಮಾರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಆರ್ಡೆರಿಕ್ ವಿಟಾಲಿಸ್ ತನ್ನ ಇತಿಹಾಸದಲ್ಲಿ ಗುಂದ್ರಾದಾಳನ್ನು ಫ್ಲಾಂಡರ್ಸ್‌ನ ಗೆರ್‌ಬೋಡ್‌ನ ತಂಗಿ ಎಂದು ಬರೆದದ್ದೂ ಇದಕ್ಕೆ ಹೊಂದುತ್ತದೆ. 1888ರಲ್ಲಿ ಇತಿಹಾಸಕಾರ ಎಡ್ವರ್ಡ್ ಫ್ರೀಮನ್ ಈ ಸಾಕ್ಷ್ಯಗಳನ್ನು ಒಟ್ಟುಗೂಡಿಸಿ ಬರೆದ ಮೇಲೆ ರಾಜಕುಮಾರಿಯ ಕಥೆ ವಿದ್ವಾಂಸರ ನಡುವೆ ನಿಲ್ಲಲಿಲ್ಲ. ಕಲ್ಲಿನಲ್ಲಿ ಕೊರೆದ ಹೊಗಳಿಕೆಗಿಂತ ಕಾಗದದ ಮೇಲಿನ ಆಕ್ಷೇಪವೇ ಗಟ್ಟಿಯಾಯಿತು.

ಲೂಸಿ: ಮೂವರು ಗಂಡಂದಿರು, ಒಂದೇ ಆಸ್ತಿ

ಲಿಂಕನ್‌ಶೈರಿನಲ್ಲಿ ದೊಡ್ಡ ಆಸ್ತಿಯಿದ್ದ ಲೂಸಿ ಐವೋ ಟೈಲ್‌ಬುವಾ, ರೋಜರ್ ಫಿಟ್ಸ್‌ಜೆರಾಲ್ಡ್, ಚೆಸ್ಟರ್‌ನ ಅರ್ಲ್ ರಾನಲ್ಫ್ ಎಂಬ ಮೂವರನ್ನು ಒಬ್ಬರ ನಂತರ ಒಬ್ಬರಂತೆ ಮದುವೆಯಾದಳು. ಅವಳು ಮರ್ಸಿಯದ ಇಂಗ್ಲಿಷ್ ಅರ್ಲ್ ಆಲ್ಫ್‌ಗಾರ್‌ನ ಮಗಳೆಂದು ಹೇಳಿದ್ದು ಕ್ರೋಲೆಂಡ್ ಮಠದ ಒಂದು ವೃತ್ತಾಂತ. 11ನೇ ಶತಮಾನದ ಮಠಾಧೀಶ ಇಂಗಲ್ಫ್‌ನ ಹೆಸರಿನಲ್ಲಿದ್ದ ಆ ಗ್ರಂಥ ಬಹಳ ಕಾಲಾನಂತರದ ಕೃತಕ ರಚನೆಯೆಂದು ಬಯಲಾಯಿತು. ಮೂವರು ಗಂಡಂದಿರ ಕಾಲದ ಹರವು ನೋಡಿ, ಇವರು ತಾಯಿ ಮಗಳಾದ ಇಬ್ಬರು ಲೂಸಿಯರಿರಬೇಕೆಂದು ವಾದಿಸಿದವರೂ ಇದ್ದರು.

1130ರ ಪೈಪ್ ಸುರುಳಿಯಲ್ಲಿ ಅವಳು ಸ್ವತಃ ಕಾಣಿಸುತ್ತಾಳೆ. ಆಗಷ್ಟೇ ಮೂರನೆಯ ಗಂಡನನ್ನು ಕಳೆದುಕೊಂಡಿದ್ದ ಲೂಸಿ ತಂದೆಯ ಭೂಮಿಗಾಗಿ ದೊರೆಗೆ ಹಣ ಒಪ್ಪಿದ್ದಾಳೆ. ಐದು ವರ್ಷ ತನ್ನನ್ನು ಮದುವೆಗೆ ಒತ್ತಾಯಿಸಬಾರದೆಂದು ಬೇರೆಯೇ 500 ಮಾರ್ಕ್ ಕೊಡಲು ಒಪ್ಪಿದ್ದಾಳೆ. ಮೂರು ಬಾರಿ ಆಸ್ತಿಯ ಜೊತೆಗೆ ಕೈ ಬದಲಾದ ಹೆಣ್ಣು ತನ್ನ ಐದು ವರ್ಷಗಳನ್ನು ತಾನೇ ಕೊಂಡುಕೊಂಡ ಈ ಲೆಕ್ಕದ ಸಾಲು ಆ ಕಾಲದ ಹೆಂಗಸರ ಸ್ಥಿತಿಯನ್ನು ಬೇರಾವ ಬರಹಕ್ಕಿಂತ ನೇರವಾಗಿ ಮುಂದಿಡುತ್ತದೆ. ವಂಶಾವಳಿಗೂ ಅದರಿಂದ ಉಪಯೋಗವಿದೆ. ಗಂಡನ ಆಸ್ತಿಯ ಪಾಲನ್ನಷ್ಟೇ ಅಲ್ಲ, ತಂದೆಯ ಭೂಮಿಯನ್ನೂ ತನ್ನದೆಂದು ಕೇಳಿದ ವಾರಸುದಾರಳು ಅವಳೆಂಬುದು ಇದರಿಂದ ಖಚಿತ.

ತಂದೆ ಯಾರೆಂಬುದಕ್ಕೆ ಎರಡು ಎಳೆಗಳು ಸೇರಿದವು. ಅವಳ ಭೂಮಿಯ ಹಿಂದಿನ ಒಡೆಯರನ್ನು ಹುಡುಕುತ್ತ ಹೋದರೆ ಲಿಂಕನ್ನಿನ ಶೆರಿಫ್ ಆಗಿದ್ದ ಟರೋಲ್ಡ್‌ನ ಹೆಸರು ಎದುರಾಗುತ್ತದೆ. ಮುಂದೆ 2ನೇ ಹೆನ್ರಿಯಾಗಲಿದ್ದ ಡ್ಯೂಕ್ ಹೆನ್ರಿ 1153ರಲ್ಲಿ ಅವಳ ಮಗ, ಚೆಸ್ಟರ್‌ನ ಮುಂದಿನ ಅರ್ಲ್ ರಾನಲ್ಫ್‌ಗೆ ಕೊಟ್ಟ ಪತ್ರ ರಾಬರ್ಟ್ ಮ್ಯಾಲೆಟ್‌ನನ್ನು ಆ ಅರ್ಲ್‌ನ ತಾಯಿಯ ಅವಂಕ್ಯುಲಸ್ ಎನ್ನುತ್ತದೆ. ಅಂದರೆ ಲೂಸಿಗೆ ಅವನು ಸೋದರಮಾವ. ಅವಳು ಟರೋಲ್ಡ್‌ನಿಗೂ ರಾಬರ್ಟ್‌ನ ತಂದೆ ವಿಲಿಯಂ ಮ್ಯಾಲೆಟ್‌ನ ಮಗಳಿಗೂ ಹುಟ್ಟಿದವಳು, ಮೂವರು ಗಂಡಂದಿರ ಹೆಂಡತಿಯೂ ಒಬ್ಬಳೇ ಲೂಸಿ ಎಂದು ವಂಶಾವಳಿ ತಜ್ಞೆ ಕ್ಯಾಥರೀನ್ ಕೀಟ್ಸ್-ರೋಹನ್ ವಾದಿಸಿದ್ದು, ಇಂದು ಹೆಚ್ಚಿನ ಒಪ್ಪಿಗೆ ಪಡೆದಿದೆ.

ಲಾಂಗೆಸ್ಪೇ ಮತ್ತು ಅವನ ತಾಯಿ

ಸಾಲ್ಸ್‌ಬರಿಯ ಅರ್ಲ್ ವಿಲಿಯಂ ಲಾಂಗೆಸ್ಪೇ 2ನೇ ಹೆನ್ರಿಯ ಅನೌರಸ ಮಗ. 1226ರಲ್ಲಿ ತೀರಿಕೊಂಡ ಅವನ ಸಮಾಧಿ ಸಾಲ್ಸ್‌ಬರಿ ಕತೀಡ್ರಲ್‌ನಲ್ಲಿದೆ. ಮಲಗಿದ ಶಿಲಾಮೂರ್ತಿಯ ಗುರಾಣಿಯ ಮೇಲೆ ಎದ್ದುನಿಂತ ಆರು ಸಿಂಹಗಳು. ಅವನ ಅಜ್ಜ, ಆಂಜೂವಿನ ಜೆಫ್ರಿಯ ಎನಾಮಲ್ ಚಿತ್ರಫಲಕ ಫ್ರಾನ್ಸ್‌ನ ಲ ಮಾನ್‌ನಲ್ಲಿದೆ. ಅದರಲ್ಲಿಯೂ ನೀಲಿ ಗುರಾಣಿ, ಹೊಂಬಣ್ಣದ ಸಿಂಹಗಳು. ತಂದೆಯ ಕುಲವನ್ನು ಲಾಂಛನವೇ ಸಾರಿತು. ತಾಯಿಯ ಬಗ್ಗೆ ಅದು ಏನನ್ನೂ ಹೇಳಲಿಲ್ಲ. ಆ ಖಾಲಿ ಜಾಗವನ್ನು ದಂತಕಥೆ ತುಂಬಿತು. ಹೆನ್ರಿಯ ಪ್ರೇಯಸಿಯಾಗಿ ಹೆಸರಾದ ರೋಸಮಂಡ್ ಕ್ಲಿಫರ್ಡ್ ಅವನ ತಾಯಿ ಎಂದು ಪುಸ್ತಕಗಳು ಹೇಳುತ್ತ ಬಂದವು.

ಆದರೆ ವಿಲ್ಟ್‌ಶೈರಿನ ಬ್ರೇಡನ್‌ಸ್ಟೋಕ್ ಮಠಕ್ಕೆ ಕೊಟ್ಟ ದಾನಪತ್ರದಲ್ಲಿ ಲಾಂಗೆಸ್ಪೇ ತನ್ನ ತಾಯಿಯನ್ನು ಕೌಂಟೆಸ್ ಇಡಾ ಎಂದು ಸ್ಪಷ್ಟವಾಗಿ ಕರೆದಿದ್ದಾನೆ. ಆ ಮಠದ ದಾನಪತ್ರಗಳ ಸಂಪುಟ 1979ರಲ್ಲಿ ಅಚ್ಚಾಗಿ ಎಲ್ಲರ ಕೈಗೆಟುಕಿತು. ಕೌಂಟೆಸ್ ಎಂದರೆ ಅರ್ಲ್ ಒಬ್ಬನ ಹೆಂಡತಿ. ಯಾವ ಅರ್ಲ್‌ನ ಹೆಂಡತಿ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಯುದ್ಧಕೈದಿಗಳ ಪಟ್ಟಿಯಿಂದ. 1214ರ ಬೂವಿನ್ ಕದನದಲ್ಲಿ ಫ್ರೆಂಚರು ಲಾಂಗೆಸ್ಪೇಯನ್ನೂ ಅವನ ಕಡೆಯವರನ್ನೂ ಸೆರೆಹಿಡಿದರು. ಕೈದಿಗಳ ಪಟ್ಟಿಯಲ್ಲಿ ರಾಲ್ಫ್ ಬೈಗಾಡ್ ಎಂಬವನ ಹೆಸರಿನ ಮುಂದೆ ಸಾಲ್ಸ್‌ಬರಿ ಅರ್ಲ್‌ನ ಸೋದರ ಎಂದಿದೆ. ಬೈಗಾಡರು ನಾರ್ಫಕ್‌ನ ಅರ್ಲ್‌ಗಳು. ಅರ್ಲ್ ರೋಜರ್ ಬೈಗಾಡ್‌ನ ಹೆಂಡತಿಯ ಹೆಸರು ಇಡಾ. ಇಬ್ಬರಿಗೂ ತಂದೆ ಬೇರೆ, ಆದ್ದರಿಂದ ಅವರನ್ನು ಸೋದರರನ್ನಾಗಿಸಿದ ತಾಯಿ ಒಬ್ಬಳೇ. ದಾನಪತ್ರದ ಒಂದು ಮಾತು, ಸೆರೆಪಟ್ಟಿಯ ಒಂದು ಮಾತು ಜೊತೆಯಾಗಿ ತಾಯಿಯೊಬ್ಬಳನ್ನು ಮಗನಿಗೆ ಮರಳಿಸಿದವು. ಇಡಾ ಟೋನಿ ಮನೆತನದವಳೆಂದು ಸಾಮಾನ್ಯವಾಗಿ ಒಪ್ಪಲಾಗಿದೆ; ಆ ಮನೆತನದೊಳಗೆ ಅವಳ ಜಾಗದ ಬಗ್ಗೆ ಚರ್ಚೆ ಮುಂದುವರಿದಿದೆ.

ಕಟ್ಟಿದ ವಂಶಾವಳಿಗಳು, ವಿಮರ್ಶಕ ವಿದ್ವತ್ತು

16, 17ನೇ ಶತಮಾನಗಳಲ್ಲಿ ಹೊಸದಾಗಿ ಮೇಲೆ ಬಂದ ಮನೆತನಗಳು ಹಳೆಯ ಕುಲವನ್ನು ಬಯಸಿದವು. ಬಕಿಂಗ್‌ಹ್ಯಾಮ್‌ಶೈರಿನ ಹ್ಯೂಂಡನ್ ಚರ್ಚಿನಲ್ಲಿ ವೆಲ್ಸ್‌ಬರ್ನ್ ಮನೆತನ ತಾವು ಮಧ್ಯಯುಗದ ಹೆಸರಾಂತ ಅರ್ಲ್ ಸೈಮನ್ ಡಿ ಮಾಂಟ್‌ಫರ್ಟ್‌ನ ಸಂತತಿಯೆಂದು ತೋರಿಸಲು ಪುರಾತನವೆಂಬಂತೆ ಕಾಣುವ ಶಿಲಾಮೂರ್ತಿಗಳನ್ನೇ ಕೆತ್ತಿಸಿತು. ಡೆನ್‌ಬಿಯ ಅರ್ಲ್‌ಗಳಾದ ಫೀಲ್ಡಿಂಗ್ ಮನೆತನ ತಮ್ಮನ್ನು ಆಸ್ಟ್ರಿಯದ ಹ್ಯಾಪ್ಸ್‌ಬರ್ಗ್ ದೊರೆಗಳ ಕುಡಿ ಎಂದಿತು. ಅದಕ್ಕೆ ಆಧಾರವಾದ ಪತ್ರಗಳು ಖೋಟಾ ಎಂದು ಜೆ. ಹೊರೇಸ್ ರೌಂಡ್ (1854–1928) 1901ರಲ್ಲಿ ತೋರಿಸಿದರು. ವಿಲಿಯಂ ಡಗ್‌ಡೇಲ್ 17ನೇ ಶತಮಾನದಲ್ಲಿ ಮೂಲದಾಖಲೆಗಳಿಂದ ಬ್ಯಾರನ್ ಮನೆತನಗಳ ಇತಿಹಾಸ ಬರೆದು ದಾರಿ ಹಾಕಿದ್ದರು. ಜಿ. ಇ. ಕೊಕೇನ್ 1887ರಿಂದ ಹೊರತಂದ ಕಂಪ್ಲೀಟ್ ಪಿಯರೇಜ್ ಮತ್ತು ಅದರ ಪರಿಷ್ಕೃತ ಮುದ್ರಣ ಇಂದಿಗೂ ಈ ಕ್ಷೇತ್ರದ ಮೂಲ ಕೈಪಿಡಿ. ಇವೂ ತಿದ್ದುಪಡಿಗೆ ಹೊರತಲ್ಲ.

ಎಲುಬಿನ ಸಾಕ್ಷ್ಯ

2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ, ಹಳೆಯ ಗ್ರೇಫ್ರೈಯರ್ಸ್ ಮಠದ ನೆಲದಲ್ಲಿ, ಬಾಸ್ವರ್ತ್ ಕದನದಲ್ಲಿ ಮಡಿದ ದೊರೆ 3ನೇ ರಿಚರ್ಡ್‌ನ ಅಸ್ಥಿಪಂಜರ ಸಿಕ್ಕಿತು. 2014ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೋಕಾಂಡ್ರಿಯ ಡಿಎನ್‌ಎ ಅವನ ಅಕ್ಕ ಆ್ಯನ್‌ಳ ಹೆಣ್ಣುಕುಡಿಯಲ್ಲಿ ಬಂದ ಇಬ್ಬರ ಡಿಎನ್‌ಎಗೆ ಹೊಂದಿತು. ತಂದೆಯಿಂದ ಗಂಡುಮಕ್ಕಳಿಗೆ ಇಳಿಯುವ ವೈ ವರ್ಣತಂತು ಮಾತ್ರ, ಬೋಫರ್ಟ್‌ನ 5ನೇ ಡ್ಯೂಕ್‌ನ ಗಂಡುಕುಡಿಯಲ್ಲಿ ಬಂದವರದಕ್ಕೆ ಹೊಂದಲಿಲ್ಲ. ಇಬ್ಬರೂ 3ನೇ ಎಡ್ವರ್ಡ್‌ನ ಸಂತತಿಯೆಂಬುದು ಕಾಗದದ ಲೆಕ್ಕ. ರಿಚರ್ಡ್‌ನಿಂದ ಆ ಡ್ಯೂಕ್‌ವರೆಗಿನ 19 ಕೊಂಡಿಗಳಲ್ಲಿ ಕನಿಷ್ಠ ಒಂದು ಕಡೆ ದಾಖಲೆಯಲ್ಲಿರುವ ತಂದೆ ನಿಜವಾದ ತಂದೆಯಲ್ಲ. ಅದು ಯಾವ ಕೊಂಡಿ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಆದ್ದರಿಂದ ಇಂಥ ದೊರೆಯ ಹಕ್ಕು ಸುಳ್ಳಾಯಿತೆಂದು ಇದರ ಬಲದಿಂದ ಸಾರುವುದು ಸರಿಯಲ್ಲ. ಹೆಣ್ಣುಕುಡಿ ಇಷ್ಟು ತಲೆಮಾರು ದಾಟಿಯೂ ನಿಂತಿತು, ಗಂಡುಕುಡಿ ಮುರಿಯಿತು. ದಾಖಲೆಗಳು ಕಡೆಗಣಿಸಿದ ತಾಯಂದಿರೇ ಇಲ್ಲಿ ಗಟ್ಟಿ ಸಾಕ್ಷಿಗಳಾದರು.

ಇಂದಿನ ನಿಲುವು

ಇಂದಿನ ವಂಶಾವಳಿ ಶಾಸ್ತ್ರ ಸಾಬೀತಾದದ್ದು, ಸಂಭಾವ್ಯ, ಊಹೆ ಎಂಬ ಮೂರನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ನಂಬಬಹುದಾದ ಸಾಕ್ಷ್ಯ ಸಿಕ್ಕಾಗ ಮಾತ್ರ ಹೆಸರು ಬರೆಯುತ್ತದೆ. ಇಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡುತ್ತದೆ. ರೋಸಮಂಡ್‌ಳ ಹೆಸರು ಬರೆದು ಮುಗಿಸಿದ್ದವರಿಗೆ ಲಾಂಗೆಸ್ಪೇಯ ತಾಯಿಯನ್ನು ಹುಡುಕಬೇಕೆಂದೇ ಅನಿಸಲಿಲ್ಲ. ತಪ್ಪು ಹೆಸರು ಶೋಧವನ್ನು ನಿಲ್ಲಿಸುತ್ತದೆ, ಖಾಲಿ ಬಿಟ್ಟ ಜಾಗ ಅದನ್ನು ಮುಂದುವರಿಸುತ್ತದೆ. ಕ್ಲೆಮೆನ್ಸ್‌ಳ ತವರಿನ ಜಾಗ ಇಂದಿಗೂ ಹಾಗೇ ಖಾಲಿಯಿದೆ.